ಕಾರಣ ಹೇಳದ ತೀರ್ಪು: ಫೋರ್ಟ್‌ನ ಜ್ಯೂರಿಗಳು ಮತ್ತು ಮನುಷ್ಯನ ಒಲವು



ಮುಂಬಯಿಯ ಫೋರ್ಟ್ ಪ್ರದೇಶದಲ್ಲಿ, ಓವಲ್ ಮೈದಾನದ ಅಂಚಿನಲ್ಲಿ ನಿಂತಿರುವ ಮುಂಬಯಿ ಹೈಕೋರ್ಟಿನ ಕರಿಗಲ್ಲಿನ ಕಟ್ಟಡ 1878ರಲ್ಲಿ ಮುಗಿದದ್ದು. ಅದರೊಳಗಿನ ಕಂಬವೊಂದರ ತಲೆಯ ಮೇಲೆ ಕೋತಿಯೊಂದು ಕೂತಿದೆ. ಕೈಯಲ್ಲಿ ತಕ್ಕಡಿ ಇದೆ, ತಟ್ಟೆಗಳು ಸಮನಾಗಿಲ್ಲ. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ತೆರೆದೇ ಇದೆ. ಕಟ್ಟಡ ಏಳುತ್ತಿದ್ದಾಗ ಗುತ್ತಿಗೆದಾರರ ನಡುವೆ ವ್ಯಾಜ್ಯವಾಗಿ, ಸೋತ ಪಾರ್ಸಿ ಗುತ್ತಿಗೆದಾರನೊಬ್ಬ ತನ್ನ ಸಿಟ್ಟನ್ನು ಹೀಗೆ ಕಲ್ಲಿನಲ್ಲಿ ತೀರಿಸಿಕೊಂಡನೆಂದು ಫೋರ್ಟ್‌ನ ಹಳಬರು ಹೇಳುತ್ತ ಬಂದಿದ್ದಾರೆ. ಕತೆಯ ಸತ್ಯಾಸತ್ಯ ಹೇಗೇ ಇರಲಿ, ಶಿಲ್ಪಿಯ ಬುದ್ಧಿಗೆ ತಲೆದೂಗಲೇಬೇಕು. ಪಕ್ಷಪಾತಿಯನ್ನು ಆತ ಕುರುಡನನ್ನಾಗಿ ಮಾಡಲಿಲ್ಲ. ತನಗೆ ಬೇಕಾದ ಕಡೆ ನೋಡಲು ಒಂದು ಕಣ್ಣನ್ನು ಉಳಿಸಿಟ್ಟ.

ಇಂದು ನಾನು ಮಾತಾಡಲಿರುವುದು ಆ ಒಂದು ಕಣ್ಣಿನ ಬಗ್ಗೆ. ಕಾನೂನು ಓದದ, ಬೀದಿಯಿಂದ ಬಂದು ಕೂತ ಹತ್ತಾರು ಮಂದಿ ಇನ್ನೊಬ್ಬನ ಜೀವದ ಬಗ್ಗೆ ಕೋಣೆಯ ಬಾಗಿಲು ಹಾಕಿಕೊಂಡು ಚರ್ಚಿಸುವಾಗ ಅವರ ಸ್ವಂತದ ರಾಗದ್ವೇಷಗಳು ಏನಾಗುತ್ತವೆ? ನಾಟಕಕಾರರಿಗೆ, ಸಿನೆಮಾದವರಿಗೆ ಬಹಳ ಪ್ರಿಯವಾದ ಪ್ರಶ್ನೆ ಇದು. ಈ ಪ್ರಶ್ನೆಗೆ ನಮ್ಮ ದೇಶ ತನ್ನದೇ ಉತ್ತರ ಕೊಟ್ಟುಕೊಂಡದ್ದು ಬಹುಮಟ್ಟಿಗೆ ಇದೇ ಫೋರ್ಟ್‌ನ ಕೋರ್ಟುಗಳಲ್ಲಿ. ಆ ಉತ್ತರವನ್ನು ನಾವು ಸರಿಯಾಗಿ ಓದಿಕೊಂಡಿಲ್ಲ ಎಂಬುದು ನನ್ನ ಅನಿಸಿಕೆ.

ಫೋರ್ಟ್‌ಗೆ ಬರುವ ಮೊದಲು ಬೀದರ ಜಿಲ್ಲೆಯ ಕಲ್ಯಾಣಕ್ಕೊಮ್ಮೆ ಹೋಗಿಬರಬೇಕು. ಚಾಲುಕ್ಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಅಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರವನ್ನು ಬ್ರಿಟಿಷರ ಕಾಲದ ಹೈಕೋರ್ಟುಗಳು ಹಿಂದೂ ಉತ್ತರಾಧಿಕಾರದ ಆಧಾರಗ್ರಂಥವಾಗಿ ನಂಬಿದವು. ಆಸ್ತಿಪಾಲಿನ ಜಗಳಗಳಲ್ಲಿ ಅದರ ಹೆಸರು ಎಷ್ಟು ಮೊಳಗಿತೆಂದರೆ, ಅದರ ವ್ಯವಹಾರಾಧ್ಯಾಯದ ಆರಂಭವೇ ನಮಗೆ ಮರೆತುಹೋಗಿದೆ. ಯಾಜ್ಞವಲ್ಕ್ಯ ಸ್ಮೃತಿಯನ್ನು ವಿವರಿಸುತ್ತ ವಿಜ್ಞಾನೇಶ್ವರ ಅಲ್ಲಿ ರಾಜನ ಜೊತೆ ಕೂರಬೇಕಾದ ಸಭ್ಯರ ಲಕ್ಷಣ ಹೇಳುತ್ತಾನೆ. ಅವರು ಧರ್ಮ ಬಲ್ಲವರಾಗಿರಬೇಕು, ಸತ್ಯವಂತರಾಗಿರಬೇಕು, ಹಗೆಯನ್ನೂ ಗೆಳೆಯನನ್ನೂ ಸಮವಾಗಿ ಕಾಣುವವರಾಗಿರಬೇಕು. ಕಾತ್ಯಾಯನನ ಮಾತನ್ನು ತಂದು, ಸಭೆಯಲ್ಲಿ ಕೆಲವು ವರ್ತಕರೂ ಇರಲಿ ಎನ್ನುತ್ತಾನೆ. ಅಂದರೆ ಶಾಸ್ತ್ರಜ್ಞರಲ್ಲದ ಲೋಕಜ್ಞರ ಕಿವಿಗೂ ಅಲ್ಲಿ ಜಾಗವಿತ್ತು. ಅದಾದ ಮೇಲೆ ಬರುವುದು ದಂಡನೆಯ ವಿಧಿ. ಸಭ್ಯರು ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಧರ್ಮ ತಪ್ಪಿ ನಡೆದರೆ, ವ್ಯಾಜ್ಯದಲ್ಲಿ ಸೋತವನಿಗೆ ಬೀಳುವ ದಂಡದ ಎರಡರಷ್ಟನ್ನು ಒಬ್ಬೊಬ್ಬರಿಂದಲೂ ಬೇರೆಬೇರೆಯಾಗಿ ವಸೂಲು ಮಾಡಬೇಕು.

ರಾಗ, ಲೋಭ, ಭಯ. ಪೂರ್ವಗ್ರಹ ಎಂಬ ಒಂದೇ ಪದದಲ್ಲಿ ನಾವು ಮುದುರಿಡುವುದನ್ನು ಆ ಹಳೆಯ ವಿಧಿ ಬಿಡಿಸಿ ಇಡುತ್ತದೆ. ಲೋಭವೆಂದರೆ ಲಂಚ, ಅದನ್ನು ಪೊಲೀಸರು ಹಿಡಿಯಬಹುದು. ಭಯವನ್ನು ಹೊರಗಿನವರು ಊಹಿಸಬಹುದು. ರಾಗವನ್ನು ಮಾತ್ರ ಹಿಡಿಯುವುದು ಕಷ್ಟ. ಅದು ಯಾರ ಮೇಲಾದರೂ ಒಲವಾಗಿರಬಹುದು, ತಾನು ನಂಬಿದ ಬದುಕಿನ ರೀತಿಯ ಮೇಲಿನ ಒಲವೂ ಆಗಿರಬಹುದು. ಅದನ್ನು ಹೊತ್ತವನಿಗೆ ಅದು ಒಲವೆಂದು ಕಾಣುವುದಿಲ್ಲ, ನ್ಯಾಯವೆಂದೇ ಕಾಣುತ್ತದೆ.

ಇಂಗ್ಲಿಷರು ತಂದ ಜ್ಯೂರಿ ಇದಕ್ಕೆ ವಿರುದ್ಧವಾದ ತತ್ತ್ವದ ಮೇಲೆ ನಿಂತದ್ದು. 1670ರ ಬುಷೆಲ್ ಮೊಕದ್ದಮೆಯ ನಂತರ ಇಂಗ್ಲೆಂಡಿನಲ್ಲಿ ತೀರ್ಪಿಗಾಗಿ ಜ್ಯೂರಿಯವರನ್ನು ದಂಡಿಸುವಂತಿರಲಿಲ್ಲ. ಅವರು ಕಾರಣ ಹೇಳಬೇಕಿರಲಿಲ್ಲ. ದೋಷಿ ಅಥವಾ ನಿರ್ದೋಷಿ, ಇಷ್ಟೇ ಸಾಕು. ಸ್ವತಂತ್ರ ನಾಗರಿಕನ ಮೇಲೆ ಇಟ್ಟ ದೊಡ್ಡ ವಿಶ್ವಾಸವದು. ಅದೇ ಪದ್ಧತಿ ಹಡಗೇರಿ ಮುಂಬಯಿಗೆ ಬಂದಾಗ ವಿಶ್ವಾಸದ ಒಂದು ಭಾಗ ದಾರಿಯಲ್ಲೇ ಉಳಿಯಿತು. ಇಲ್ಲಿ ಹೈಕೋರ್ಟಿನ ಸೆಷನ್ಸ್‌ನಲ್ಲಿ ಹನ್ನೆರಡರ ಬದಲು ಒಂಬತ್ತು ಮಂದಿ. ಒಮ್ಮತ ಬೇಕಿಲ್ಲ, ಆರು ಮಂದಿ ಒಂದು ಕಡೆಯಾಗಿ ನ್ಯಾಯಾಧೀಶ ಒಪ್ಪಿದರೆ ತೀರ್ಪು. ಜಿಲ್ಲೆಗಳ ಸೆಷನ್ಸ್ ಕೋರ್ಟುಗಳಲ್ಲಂತೂ ಜ್ಯೂರಿಯ ತೀರ್ಪು ಒಪ್ಪಿಗೆಯಾಗದಿದ್ದರೆ ನ್ಯಾಯಾಧೀಶ ಅದನ್ನು ಹೈಕೋರ್ಟಿಗೆ ಕಳಿಸಬಹುದೆಂಬ ಕಲಮು ಸೇರಿತು, 1898ರ ದಂಡ ಪ್ರಕ್ರಿಯಾ ಸಂಹಿತೆಯ 307ನೆಯದು. ಜ್ಯೂರಿಯವರನ್ನು ಮಿತಾಕ್ಷರದಂತೆ ದಂಡಿಸುವುದಿಲ್ಲ, ಇಂಗ್ಲೆಂಡಿನಂತೆ ನಂಬುವುದೂ ಇಲ್ಲ. ಈ ಅರೆನಂಬಿಕೆ ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಜ್ಯೂರಿಯ ಒಲವು ಹೇಗೆ ಕೆಲಸ ಮಾಡುತ್ತದೆಂದು ಫೋರ್ಟ್ ಮೊದಲು ದೊಡ್ಡದಾಗಿ ಕಂಡದ್ದು ಲೋಕಮಾನ್ಯ ತಿಲಕರ ಮೊಕದ್ದಮೆಗಳಲ್ಲಿ. 1897ರಲ್ಲಿ ನ್ಯಾಯಮೂರ್ತಿ ಸ್ಟ್ರೇಚಿಯವರ ಮುಂದೆ ರಾಜದ್ರೋಹದ ವಿಚಾರಣೆ ನಡೆದಾಗ ಜ್ಯೂರಿ ಆರಕ್ಕೆ ಮೂರು ಎಂದು ಒಡೆಯಿತು. ಆರು ಮಂದಿ ಯುರೋಪಿಯನ್ನರು ದೋಷಿ ಎಂದರು, ಮೂವರು ಭಾರತೀಯರು ನಿರ್ದೋಷಿ ಎಂದರು. ಒಂದೇ ಸಾಕ್ಷ್ಯ, ಒಂದೇ ಕೋಣೆ, ಮತಗಳು ಮಾತ್ರ ಮೈಬಣ್ಣದ ಗೆರೆಯ ಮೇಲೆ ಸರಿಯಾಗಿ ಕತ್ತರಿಸಿ ಬಿದ್ದಿದ್ದವು. ತಿಲಕರಿಗೆ 18 ತಿಂಗಳ ಕಠಿಣ ಸಜೆಯಾಯಿತು.

1908ರ ಜುಲೈಯಲ್ಲಿ ಅದೇ ಕಟ್ಟಡದಲ್ಲಿ ಮತ್ತೆ ವಿಚಾರಣೆ. ಈ ಬಾರಿ ಪೀಠದಲ್ಲಿದ್ದವರು ನ್ಯಾಯಮೂರ್ತಿ ದಿನ್‌ಶಾ ದಾವರ್. ಹನ್ನೊಂದು ವರ್ಷಗಳ ಹಿಂದೆ ಇದೇ ತಿಲಕರ ಜಾಮೀನಿಗಾಗಿ ವಾದಿಸಿದ್ದ ವಕೀಲರು! ವಿಶೇಷ ಜ್ಯೂರಿಯಲ್ಲಿ ಏಳು ಯುರೋಪಿಯನ್ನರು, ಇಬ್ಬರು ಪಾರ್ಸಿಗಳು. ಮೊಕದ್ದಮೆ ಇದ್ದದ್ದು 'ಕೇಸರಿ'ಯ ಲೇಖನಗಳ ಮೇಲೆ, ಲೇಖನಗಳಿದ್ದದ್ದು ಮರಾಠಿಯಲ್ಲಿ. ಮರಾಠಿ ಓದಬಲ್ಲವರು ಜ್ಯೂರಿಯಲ್ಲಿ ಹೆಚ್ಚಿರಬೇಕು ಎಂಬುದು ತಿಲಕರ ಕಡೆಯ ಆಕ್ಷೇಪವಾಗಿತ್ತು, ಅದು ನಡೆಯಲಿಲ್ಲ. ಜ್ಯೂರಿಯವರಲ್ಲಿ ಹೆಚ್ಚಿನವರು ತೂಗಿದ್ದು ಸರಕಾರಿ ಭಾಷಾಂತರವನ್ನು.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಏಕೆಂದರೆ ಮುಂಬಯಿಯಲ್ಲಿ ಎರಡು ಮೂರು ಭಾಷೆಗಳ ನಡುವೆ ಬದುಕುವ ನಮಗೆ ಆ ಆಕ್ಷೇಪದ ತೂಕ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. 'ಛಲ' ಎಂಬ ಒಂದೇ ಪದವನ್ನು ತೆಗೆದುಕೊಳ್ಳಿ. ಕನ್ನಡಿಗನಿಗೆ ಅದು ಬಿಡದ ಪಟ್ಟು. ಪಂಪನ ದುರ್ಯೋಧನನಿಗೆ ಅದೇ ಕಿರೀಟ. ಪಕ್ಕದ ಮರಾಠಿಯಲ್ಲಿ ಅದರ ಒಡಹುಟ್ಟು ಕಿರುಕುಳವಾಗುತ್ತದೆ, ಹಿಂದಿಯಲ್ಲಿ ಮೋಸವಾಗುತ್ತದೆ. ಲೇಖಕನೊಬ್ಬ 'ನಮ್ಮ ಜನಕ್ಕೆ ಛಲ ಬೇಕು' ಎಂದು ಕನ್ನಡದಲ್ಲಿ ಬರೆದದ್ದು, ಭಾಷೆ ತಿಳಿಯದ ಒಂಬತ್ತು ಜನರ ಮುಂದೆ ಪದಕ್ಕೆ ಪದವಾಗಿ ಅನುವಾದಗೊಂಡು ಬಂದರೆ ಅವನ ಗತಿಯೇನು? ತಿಲಕರು ತಮ್ಮ ವಾದವನ್ನು ತಾವೇ ಮಂಡಿಸಿ, ದಿನಗಟ್ಟಲೆಯಾಗಿ 21 ಗಂಟೆಗೂ ಮೀರಿ ಮಾತಾಡಿದ್ದರಲ್ಲಿ ದೊಡ್ಡ ಪಾಲು ಪದಗಳ ಛಾಯೆ ಬಿಡಿಸುವುದಕ್ಕೇ ಹೋಯಿತು. ಜುಲೈ 22ರ ರಾತ್ರಿ ಜ್ಯೂರಿ ಏಳಕ್ಕೆ ಎರಡು ಎಂದು ದೋಷಿ ಎಂದಿತು. ಬೇರೆ ನಿಂತ ಇಬ್ಬರು ಪಾರ್ಸಿಗಳೇ ಎಂದು ತಿಲಕರ ಚರಿತ್ರಕಾರರು ಬರೆಯುತ್ತಾರೆ. ಆರು ವರ್ಷಗಳ ಗಡೀಪಾರು, ಮಂಡಾಲೆ. ಗಿರಣಿ ಕಾರ್ಮಿಕರು ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದರು. ತೀರ್ಪಿನ ನಂತರ ತಿಲಕರು ಆಡಿದ ಮಾತು ಇವತ್ತು ಅದೇ ಕೋರ್ಟಿನ ಹೊರಗೆ ಅಮೃತಶಿಲೆಯ ಮೇಲಿದೆ, 1956ರಲ್ಲಿ ಮುಖ್ಯ ನ್ಯಾಯಮೂರ್ತಿ ಛಾಗ್ಲಾ ಅನಾವರಣ ಮಾಡಿದ್ದು.

ಆ ಏಳು ಮಂದಿ ಕೆಟ್ಟವರಾಗಿದ್ದರೆಂದು ನಾನು ಹೇಳುತ್ತಿಲ್ಲ. ಪ್ರಾಮಾಣಿಕರೇ ಇದ್ದಿರಬಹುದು. ಅದೇ ವರ್ಷ ಮುಜಫ್ಫರ್‌ಪುರದಲ್ಲಿ ಯುರೋಪಿಯನ್ನರ ಮೇಲೆ ಬಾಂಬು ಸಿಡಿದಿತ್ತು. ತಮ್ಮ ಮನೆಯ ಹೆಂಡತಿ ಮಕ್ಕಳನ್ನು ನೆನೆದು ಅವರು ಹೆದರಿದ್ದರೆ ಅದು ಸಹಜ. ಮಿತಾಕ್ಷರದ ಮಾತಿನಲ್ಲಿ ಅದು ಭಯ. ಅರ್ಧ ಶತಮಾನದ ನಂತರ ಫೋರ್ಟ್ ಕಂಡದ್ದು ರಾಗವನ್ನು.

1959ರ ಏಪ್ರಿಲ್ 27. ನೌಕಾಪಡೆಯ ಕಮಾಂಡರ್ ಕವಾಸ್ ಮಾಣೆಕ್‌ಶಾ ನಾನಾವತಿ, ನಮ್ಮ ಮೈಸೂರಿನ ಹೆಸರು ಹೊತ್ತ ಐಎನ್‌ಎಸ್ ಮೈಸೂರು ಯುದ್ಧನೌಕೆಯ ಎರಡನೆಯ ಅಧಿಕಾರಿ. ಇಂಗ್ಲಿಷ್ ಹೆಂಡತಿ ಸಿಲ್ವಿಯಾ ಆ ಮಧ್ಯಾಹ್ನ ತನಗೆ ಪ್ರೇಮ್ ಅಹುಜಾ ಎಂಬ ಮೋಟಾರು ವ್ಯಾಪಾರಿಯೊಡನೆ ಸಂಬಂಧವಿದೆಯೆಂದು ಒಪ್ಪಿಕೊಂಡಳು. ನಾನಾವತಿ ಅವಳನ್ನೂ ಮಕ್ಕಳನ್ನೂ ಮೆಟ್ರೋ ಚಿತ್ರಮಂದಿರದಲ್ಲಿ ಬಿಟ್ಟು ತನ್ನ ನೌಕೆಗೆ ಹೋದ. ಸುಳ್ಳು ಕಾರಣ ಹೇಳಿ ರಿವಾಲ್ವರನ್ನೂ ಆರು ಗುಂಡುಗಳನ್ನೂ ಪಡೆದು ಕಂದು ಲಕೋಟೆಯಲ್ಲಿಟ್ಟುಕೊಂಡ. ಅಹುಜಾನ ಕಚೇರಿಗೆ ಹೋದ, ಅಲ್ಲಿ ಆತ ಇರಲಿಲ್ಲ. ನೇಪಿಯನ್ ಸೀ ರಸ್ತೆಯ ಪಕ್ಕದ ಸೆಟಲ್ವಾಡ್ ರಸ್ತೆಯ ಮನೆಗೆ ಹೋದ. ಮಲಗುವ ಕೋಣೆಯಲ್ಲಿ ಮೂರು ಗುಂಡು ಹಾರಿದವು. ಸ್ನಾನ ಮುಗಿಸಿ ಬಂದಿದ್ದ ಅಹುಜಾ ಸತ್ತುಬಿದ್ದ. ನಾನಾವತಿ ತಾನೇ ಹೋಗಿ ಶರಣಾದ.

ಮುಂದಿನದನ್ನು ನೀವೆಲ್ಲ ಸಿನೆಮಾಗಳಲ್ಲಿ ನೋಡಿದ್ದೀರಿ. 1963ರ 'ಯೇ ರಾಸ್ತೇ ಹೈ ಪ್ಯಾರ್ ಕೇ', 1973ರ ಗುಲ್ಜಾರರ 'ಅಚಾನಕ್', 2016ರ 'ರುಸ್ತುಂ', ಆಮೇಲೆ ವೆಬ್ ಸರಣಿ. ತೆರೆಗೆ ಪ್ರಿಯವಾಗುವ ಮೂರು ಮುಖಗಳು ಅಲ್ಲಿದ್ದವು: ಬಿಳಿ ಸಮವಸ್ತ್ರದ ಗಂಡ, ಪಶ್ಚಾತ್ತಾಪದ ಹೆಂಡತಿ, ಶ್ರೀಮಂತ ಪ್ರಿಯಕರ. ಆದರೆ ನಿಜವಾದ ನಾಟಕ ಇದ್ದದ್ದು ಕಾನೂನಿನ ಒಂದು ಬಾಗಿಲಲ್ಲಿ, ಅದನ್ನು ಯಾವ ಸಿನೆಮಾವೂ ಸರಿಯಾಗಿ ತೋರಿಸಿದ ಹಾಗೆ ನನಗೆ ಕಾಣದು.

ಫೋರ್ಟ್‌ನಿಂದಲೇ ಹೊರಡುತ್ತಿದ್ದ 'ಬ್ಲಿಟ್ಜ್' ವಾರಪತ್ರಿಕೆ, ಸಂಪಾದಕ ರೂಸಿ ಕರಂಜಿಯಾ, ನಾನಾವತಿಯ ಪರವಾಗಿ ಬಹಿರಂಗವಾಗಿ ನಿಂತಿತು. ನಾಲ್ಕಾಣೆಯ ಪತ್ರಿಕೆ ಎರಡು ರೂಪಾಯಿಗೆ ಮಾರಾಟವಾಯಿತೆಂದು ಆ ಕಾಲದವರು ನೆನೆಯುತ್ತಾರೆ. ಬೀದಿಯಲ್ಲಿ ಆಟಿಕೆಯ 'ನಾನಾವತಿ ರಿವಾಲ್ವರ್'ಗಳೂ 'ಅಹುಜಾ ಟವೆಲ್'ಗಳೂ ಮಾರಾಟವಾದವಂತೆ. ಪತ್ರಿಕೆಯ ವಾದವೆಲ್ಲ ಮಾನದ್ದು: ದೇಶ ಕಾಯುವ ಯೋಧ ಸಮುದ್ರದ ಮೇಲಿದ್ದಾಗ ಮನೆ ಮುರಿದ ಹಣವಂತ, ಸಿಡಿದೆದ್ದ ಗಂಡ. ಕಾನೂನಿನ ಭಾಷೆಯಲ್ಲಿ ಇದು ಹಠಾತ್ ಉದ್ರೇಕದ ವಾದ. ಅದು ಪೂರ್ತಿ ಗೆದ್ದರೂ ಕೊಲೆ ಎಂಬುದು ದಂಡಾರ್ಹ ನರಹತ್ಯೆಯಾಗಿ ಶಿಕ್ಷೆ ತಗ್ಗುತ್ತದೆಯೇ ಹೊರತು ಆರೋಪಿ ಕೈಬೀಸಿ ಮನೆಗೆ ಹೋಗುವಂತಿಲ್ಲ.

ಕೋರ್ಟಿನೊಳಗೆ ನಾನಾವತಿಯ ವಕೀಲ ಕಾರ್ಲ್ ಖಂಡಾಲಾವಾಲಾ ಮುಂದಿಟ್ಟ ಮುಖ್ಯ ವಾದ ಬೇರೆ. ನಾನಾವತಿ ಹೋದದ್ದು ಸಿಲ್ವಿಯಾಳನ್ನು ಮದುವೆಯಾಗಿ ಮಕ್ಕಳನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳುವುದಕ್ಕೆ, ಲಕೋಟೆಗಾಗಿ ಇಬ್ಬರೂ ಗುದ್ದಾಡಿದಾಗ ಗುಂಡು ಹಾರಿತು, ಇದೊಂದು ಆಕಸ್ಮಿಕ. ಆಕಸ್ಮಿಕವೆಂದರೆ ಅಪರಾಧವೇ ಇಲ್ಲ, ಪೂರ್ಣ ಬಿಡುಗಡೆ. ಪ್ರಾಸಿಕ್ಯೂಷನ್ನಿನ ಉತ್ತರ ಒಂದು ಟವೆಲಿನಲ್ಲಿತ್ತು. ಗುದ್ದಾಟ ನಡೆದಿದ್ದರೆ ಸೊಂಟಕ್ಕೆ ಸುತ್ತಿದ್ದ ಟವೆಲು ಜಾರದೆ ಹೆಣದ ಮೇಲೆ ಹಾಗೆಯೇ ಉಳಿದದ್ದು ಹೇಗೆ?

ಅಕ್ಟೋಬರ್ 21ರಂದು ಸೆಷನ್ಸ್ ಕೋರ್ಟಿನ ಜ್ಯೂರಿ ಎಂಟಕ್ಕೆ ಒಂದು ಎಂದು ನಿರ್ದೋಷಿ ಅಂದಿತು. ಕೊಲೆಯೂ ಅಲ್ಲ, ನರಹತ್ಯೆಯೂ ಅಲ್ಲ.

ಏನಾಯಿತೆಂದು ಗಮನಿಸಿ. ಬೀದಿಯ ಹೃದಯ ಒಪ್ಪಿದ್ದು ಉದ್ರೇಕದ ಕತೆಯನ್ನು. ಆ ಕತೆಗೆ ಕಾನೂನು ಕೊಡುವ ಬಹುಮಾನ ಸಣ್ಣದು. ಆಕಸ್ಮಿಕದ ಕತೆಗೆ ಬಹುಮಾನ ದೊಡ್ಡದು, ಆದರೆ ಅದನ್ನು ನಂಬಲು ಟವೆಲು ಬಿಡದು. ಜ್ಯೂರಿಯ ಬಹುಮತ ಒಂದು ಕತೆಯ ಮರುಕವನ್ನು ಇನ್ನೊಂದು ಕತೆಯ ಬಾಗಿಲಿನಿಂದ ಹೊರಗೆ ಕಳಿಸಿತೆಂಬುದು ನನ್ನ ಊಹೆ. ಊಹೆ ಎಂದೇ ಹೇಳಬೇಕು, ಏಕೆಂದರೆ ಕೋಣೆಯೊಳಗೆ ಏನು ನಡೆಯಿತೆಂಬುದಕ್ಕೆ ದಾಖಲೆಯಿಲ್ಲ, ಇರಕೂಡದು ಎಂಬುದೇ ಜ್ಯೂರಿ ಪದ್ಧತಿಯ ನಿಯಮ. ಕಾರಣ ಹೇಳಬೇಕಿಲ್ಲದಾಗ ಇಂಥ ಸಾಗಣೆ ಬಹಳ ಸುಲಭ. 'ಅವನು ಮಾಡಿದ್ದು ಸರಿ' ಎಂಬ ಭಾವನೆಯನ್ನು 'ಅವನು ಮಾಡಲೇ ಇಲ್ಲ' ಎಂಬ ತೀರ್ಮಾನವಾಗಿ ಬದಲಿಸಲು ನಡುವೆ ಒಂದೇ ಒಂದು ವಾಕ್ಯವನ್ನೂ ಬರೆಯಬೇಕಾಗಿ ಬರುವುದಿಲ್ಲ.

ನ್ಯಾಯಾಧೀಶ ರತಿಲಾಲ್ ಭಾಯಿಚಂದ್ ಮೆಹ್ತಾ ಬರೆದರು. ವಿವೇಕವುಳ್ಳ ಯಾವ ಜನರ ಗುಂಪೂ ಈ ಸಾಕ್ಷ್ಯದ ಮೇಲೆ ಈ ತೀರ್ಪಿಗೆ ಬರಲಾರದೆಂದು 307ನೆಯ ಕಲಮಿನಡಿ ಹೈಕೋರ್ಟಿಗೆ ಕಳಿಸಿದರು. ನ್ಯಾಯಮೂರ್ತಿಗಳಾದ ಶೇಲತ್ ಮತ್ತು ನಾಯಕ್ 1960ರ ಮಾರ್ಚ್ 11ರಂದು ನಾನಾವತಿಗೆ ಜೀವಾವಧಿ ಸಜೆ ವಿಧಿಸಿದರು. ಆ ತೀರ್ಪಿನಲ್ಲಿ ಒಂದು ಕಹಿ ಸೂಕ್ಷ್ಮವಿದೆ. ಜ್ಯೂರಿ ದಾರಿತಪ್ಪಿದ್ದಕ್ಕೆ ಮೆಹ್ತಾ ಅವರೇ ಜ್ಯೂರಿಗೆ ಮಾಡಿದ ಕಾನೂನಿನ ನಿರೂಪಣೆಯೂ ಕಾರಣವೆಂದು ಹೈಕೋರ್ಟು ಹಲವು ಲೋಪಗಳನ್ನು ಎತ್ತಿ ತೋರಿಸಿತು. ಆಕಸ್ಮಿಕವೆಂದು ವಾದಿಸುವವನ ಮೇಲೇ ಅದನ್ನು ತೋರಿಸುವ ಹೊಣೆ ಇದೆಯೆಂದು ಸ್ಪಷ್ಟವಾಗಿ ಹೇಳಲಿಲ್ಲ ಎಂಬುದು ಅವುಗಳಲ್ಲೊಂದು. ಜ್ಯೂರಿಯವರ ಕುರುಡನ್ನು ಮಾತ್ರ ದೂರುವವರು ಇದನ್ನು ಮರೆಯುತ್ತಾರೆ. ಅವರ ಕೈಗೆ ಕೊಟ್ಟ ಲಾಂದ್ರದಲ್ಲೇ ಎಣ್ಣೆ ಕಡಿಮೆಯಿತ್ತು.

ತೀರ್ಪು ಬಂದ ದಿನವೇ ರಾಜ್ಯಪಾಲ ಶ್ರೀಪ್ರಕಾಶರು ಸಜೆಯನ್ನು ತಡೆಹಿಡಿದರು. ಅವರ ಆದೇಶದ ಬೆಂಬಲಕ್ಕೆ ಕಾವಸ್ಜಿ ಜಹಾಂಗೀರ್ ಹಾಲಿನಲ್ಲಿ ಪಾರ್ಸಿ ಸಮಾಜದವರ ಭಾರಿ ಸಭೆ ಸೇರಿತು. ಸಿಂಧಿ ಸಮಾಜ ಸತ್ತವನ ಕಡೆಗಿತ್ತು. ಮೃತನ ಅಕ್ಕನ ಪರವಾಗಿ ಕೋರ್ಟಿನಲ್ಲಿ ಕಣ್ಣಿಟ್ಟಿದ್ದ ಯುವ ವಕೀಲ ರಾಮ್ ಜೇಠ್ಮಲಾನಿ ಕೂಡ ಸಿಂಧಿಯೇ. 1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು, ತೀರ್ಪು ಬರೆದವರು ಕೆ. ಸುಬ್ಬರಾವ್, ಸಜೆಯನ್ನು ಎತ್ತಿಹಿಡಿಯಿತು. ಒಂದೂವರೆ ಗಂಟೆಗೆ ಮನೆ ಬಿಟ್ಟವನು ಗುಂಡು ಹಾರಿಸಿದ್ದು ನಾಲ್ಕು ಇಪ್ಪತ್ತಕ್ಕೆ. ನಡುವಿನ ಸುಮಾರು ಮೂರು ಗಂಟೆ ತಣ್ಣಗಾಗಲು ಸಾಕು. ಉದ್ರೇಕವನ್ನು ಅಳೆಯುವಾಗ ಆರೋಪಿಯ ಸಾಮಾಜಿಕ ವರ್ಗದ ವಿವೇಕಿಯೊಬ್ಬ ಅದೇ ಸ್ಥಿತಿಯಲ್ಲಿ ಹೇಗೆ ನಡೆಯುತ್ತಿದ್ದ ಎಂದು ಕೇಳಬೇಕೆಂಬ ಅದರ ಸೂತ್ರ ಇಂದಿಗೂ ಕಾನೂನಿನ ವಿದ್ಯಾರ್ಥಿಗಳಿಗೆ ಪಾಠ. ಸೂತ್ರದಲ್ಲಿ ಅಡಗಿದ ಒಲವನ್ನೂ ನೋಡಿ: ವಿವೇಕಿ ಎಲ್ಲರಿಗೂ ಒಬ್ಬನೇ ಅಲ್ಲ, ವರ್ಗಕ್ಕೊಬ್ಬ ವಿವೇಕಿ ಇದ್ದಾನೆ! 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತರು ನಾನಾವತಿಗೆ ಕ್ಷಮಾದಾನ ನೀಡಿದರು. ಬೇರೊಂದು ಪ್ರಕರಣದಲ್ಲಿ ಶಿಕ್ಷೆಗೊಳಗಾಗಿದ್ದ ಸಿಂಧಿ ಸಮಾಜದ ಮುಖಂಡ ಭಾಯಿ ಪ್ರತಾಪರಿಗೂ ಆಗಲೇ ಕ್ಷಮೆ ಸಿಕ್ಕಿತು. ಎರಡು ತಟ್ಟೆಗೂ ಒಂದೊಂದು ಕಲ್ಲು, ತಕ್ಕಡಿ ಸಮ. ಕಂಬದ ಮೇಲಿನ ಕೋತಿ ನಕ್ಕಿರಬೇಕು.

ಸಹೃದಯರೇ, ಈ ಮೊಕದ್ದಮೆಯಿಂದಲೇ ಭಾರತದಲ್ಲಿ ಜ್ಯೂರಿ ರದ್ದಾಯಿತು, ಇದೇ ಕೊನೆಯ ಜ್ಯೂರಿ ವಿಚಾರಣೆ ಎಂಬ ಮಾತು ಎಲ್ಲೆಡೆ ಓಡಾಡುತ್ತಿದೆ. ಅದು ದಂತಕತೆ. ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 14ನೆಯ ವರದಿಯಲ್ಲಿ ಜ್ಯೂರಿಯನ್ನು ಕೈಬಿಡಬೇಕೆಂದು ಶಿಫಾರಸು ಮಾಡಿದ್ದು 1958ರಲ್ಲಿ, ಅಹುಜಾನ ಕೊಲೆಗೂ ಮೊದಲೇ. ನಾನಾವತಿಯ ನಂತರವೂ ದೇಶದ ಬೇರೆಡೆ ಜ್ಯೂರಿಗಳು ಕೂತವೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. 1974ರ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಸ ಸಂಹಿತೆ ಸದ್ದಿಲ್ಲದೆ ಅದಕ್ಕೆ ತೆರೆ ಎಳೆಯಿತು. ದಂತಕತೆ ಬೆಳೆದದ್ದಕ್ಕೆ ಕಾರಣ ಇಲ್ಲದಿಲ್ಲ. ಒಂದು ಪದ್ಧತಿ ಮೆಲ್ಲಮೆಲ್ಲನೆ ಸವೆದು ಸತ್ತಿತು ಎನ್ನುವುದಕ್ಕಿಂತ ಮೂರು ಗುಂಡಿಗೆ ಸತ್ತಿತು ಎನ್ನುವುದು ಹೇಳಲೂ ಕೇಳಲೂ ಚೆನ್ನ.

ಜ್ಯೂರಿಯನ್ನು ಬಿಟ್ಟ ದೇಶಕ್ಕೆ ಜ್ಯೂರಿಯ ಆಸೆ ಮಾತ್ರ ಹೋಗಲಿಲ್ಲ. ರೆಜಿನಾಲ್ಡ್ ರೋಸ್ 1954ರಲ್ಲಿ ಅಮೆರಿಕದ ಟೆಲಿವಿಷನ್ನಿಗೆ ಬರೆದು, 1957ರಲ್ಲಿ ಸಿಡ್ನಿ ಲುಮೆಟ್ ಸಿನೆಮಾ ಮಾಡಿದ 'ಟ್ವೆಲ್ವ್ ಆ್ಯಂಗ್ರಿ ಮೆನ್' ಕತೆಯನ್ನು ಬಾಸು ಚಟರ್ಜಿ 1986ರಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' ಮಾಡಿದರು. ಆ ಹೊತ್ತಿಗೆ ಹನ್ನೆರಡು ವರ್ಷಗಳಿಂದ ನಮ್ಮಲ್ಲಿ ಅಂಥ ಕೋಣೆಯೇ ಇರಲಿಲ್ಲ. ಆದರೂ ಆ ಕೋಣೆ ನಮಗೆ ಪರಕೀಯವೆನಿಸಲಿಲ್ಲ. ಕೊಳೆಗೇರಿಯ ಹುಡುಗರೆಲ್ಲ ಇಷ್ಟೇ ಎನ್ನುವವನು, ಬೇಗ ಮುಗಿಸಿ ಹೊರಡುವ ಆತುರದವನು, ಮಗನ ಮೇಲಿನ ಸಿಟ್ಟನ್ನು ಆರೋಪಿಯ ಮೇಲೆ ಹೊರಿಸುವವನು, ಇವರನ್ನೆಲ್ಲ ನಾವು ಲೋಕಲ್ ರೈಲಿನಲ್ಲೇ ಕಂಡಿದ್ದೇವೆ.

ಈ ಕತೆಯನ್ನು ಹನ್ನೊಂದು ಮಂದಿಯ ಎದುರು ಒಬ್ಬನೇ ನಿಂತ ಧೀರನ ಕತೆ ಎಂದು ಹೊಗಳುವುದು ವಾಡಿಕೆ. ನನಗೆ ಅದು ಒಂದು ನಿಯಮದ ಕತೆಯಾಗಿ ಕಾಣುತ್ತದೆ. ಅಲ್ಲಿ ಹನ್ನೆರಡೂ ಮಂದಿ ಒಪ್ಪಲೇಬೇಕು. ಆದ್ದರಿಂದ ಹನ್ನೊಂದು ಮಂದಿ ಆ ಒಬ್ಬನಿಗೆ ಕಾರಣ ಹೇಳಲೇಬೇಕು. ಹೇಳಹೊರಟಾಗ ತಮ್ಮ ಕಾರಣ ಎಷ್ಟು ಬಡಕಲೆಂದು ಅವರ ಕಿವಿಗೇ ಕೇಳಿಸುತ್ತದೆ. ಅದೇ ಒಬ್ಬನನ್ನು 1959ರ ಫೋರ್ಟ್‌ಗೆ ತಂದು ಕೂರಿಸಿ. ಒಂಬತ್ತರಲ್ಲಿ ಎಂಟು ಕೈ ಎದ್ದ ಮೇಲೆ ಅವನನ್ನು ಒಲಿಸುವ ಅಗತ್ಯ ಯಾರಿಗೂ ಇಲ್ಲ. ಬಹುಮತ ಸಾಕೆನ್ನುವ ನಿಯಮ ಇದ್ದಲ್ಲಿ ಮಹಾವೀರನೂ ಲೆಕ್ಕದ ಪುಸ್ತಕದಲ್ಲಿ ಒಂದು ಅಂಕೆಯಾಗುತ್ತಾನೆ. ನಮ್ಮ ಜ್ಯೂರಿ ಸೋತದ್ದು ಭಾರತೀಯರು ಭಾವಜೀವಿಗಳು ಎಂಬ ಕಾರಣಕ್ಕಲ್ಲ. 1897ರಲ್ಲೂ 1908ರಲ್ಲೂ ಭಾವಕ್ಕೆ ಮಣಿದ ಬಹುಮತ ಯುರೋಪಿಯನ್ನರದೇ. ಒಲವು ಯಾವ ಜನರಲ್ಲೂ ಇರುತ್ತದೆ. ಆ ಒಲವು ಎದುರು ಕೂತವನಿಗೆ ತನ್ನನ್ನು ವಿವರಿಸಿಕೊಳ್ಳಬೇಕಾದ ಒತ್ತಾಯವನ್ನೇ ನಮ್ಮ ನಿಯಮ ತೆಗೆದುಹಾಕಿತ್ತು. ಸರಕಾರಕ್ಕೆ ಬೇಕಾಗಿದ್ದದ್ದು ಬೇಗನೆ ಸಿಗುವ ತೀರ್ಪು.

ಎದುರಿನವನಿಗೆ ಉತ್ತರ ಕೊಡುವ ಕಲೆ ನಮ್ಮವರಿಗೆ ಗೊತ್ತಿರಲಿಲ್ಲವೇ? ತಾಳಮದ್ದಳೆಯನ್ನು ನೆನೆಯಿರಿ. ಫೋರ್ಟ್‌ನ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರು ಆ ಕಲೆಯನ್ನೂ ಜೊತೆಗೇ ಈ ನಗರಕ್ಕೆ ಹೊತ್ತು ತಂದರು. ವಾಲಿವಧೆಯ ಪ್ರಸಂಗವೆಂದರೆ ಬಿಚ್ಚಿಟ್ಟ ಕೋರ್ಟು. ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ಸಾಯುತ್ತಿರುವ ವಾಲಿ ಪ್ರಶ್ನಿಸುತ್ತಾನೆ. ಕೇಳುಗರೆಲ್ಲ ರಾಮಭಕ್ತರು, ಅವರ ಒಲವು ಯಾವ ಕಡೆಗೆಂದು ಗುಟ್ಟೇನಿಲ್ಲ. ಆದರೂ ಅರ್ಥಧಾರಿ ವಾಲಿಯ ಪಟ್ಟನ್ನು ಸಡಿಲಿಸಿದರೆ ಸಭೆ ಮುಖ ಸಿಂಡರಿಸುತ್ತದೆ. ಇವತ್ತು ವಾಲಿಯಾಗಿ ರಾಮನನ್ನು ಕಟ್ಟಿಹಾಕಿದವರು ನಾಳೆ ರಾಮನಾಗಿ ಅದೇ ಗಂಟನ್ನು ಬಿಡಿಸಬೇಕು. ತಾನು ನಂಬದ ಕಡೆಯಿಂದ ಪೂರ್ಣಶಕ್ತಿಯಲ್ಲಿ ವಾದಿಸಿ ನೋಡುವ ಈ ಅಭ್ಯಾಸ ಜ್ಯೂರಿಯ ಕೋಣೆಗೆ ಪ್ರವೇಶ ಪಡೆದಿದ್ದರೆ ಎಂದು ನಾನು ಒಮ್ಮೊಮ್ಮೆ ಯೋಚಿಸುವುದುಂಟು. ಹೋಲಿಕೆಯನ್ನು ಬಹಳ ಎಳೆಯಬಾರದು ಎಂಬುದೂ ಗೊತ್ತು. ತಾಳಮದ್ದಳೆಯಲ್ಲಿ ಯಾರೂ ಜೈಲಿಗೆ ಹೋಗುವುದಿಲ್ಲ, ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಸಾಯುವುದು ತಪ್ಪುವುದಿಲ್ಲ.

ಜ್ಯೂರಿ ಹೋಗಿ ನ್ಯಾಯಾಧೀಶ ಉಳಿದ. ಆತ ಕಾರಣ ಬರೆಯಬೇಕು, ಬರೆದದ್ದನ್ನು ಮೇಲಿನ ಕೋರ್ಟು ಓದುತ್ತದೆ. ನಾನು ಈವರೆಗೆ ಹೇಳಿದ್ದರ ಪ್ರಕಾರ ಇದು ಲಾಭವೇ ಹೌದು. ಆದರೆ ಬರೆದ ಕಾರಣವನ್ನೂ ಅತಿಯಾಗಿ ನಂಬುವಂತಿಲ್ಲ. 1897ರಲ್ಲಿ ಸ್ಟ್ರೇಚಿ ಜ್ಯೂರಿಗೆ ಕಾನೂನು ವಿವರಿಸುತ್ತ, ಸರಕಾರದ ಬಗ್ಗೆ ಪ್ರೀತಿ ಇಲ್ಲದಿರುವುದೇ ಅಪ್ರೀತಿ ಎಂದು ರಾಜದ್ರೋಹದ ಅರ್ಥವನ್ನು ಹಿಗ್ಗಿಸಿದರು. ಅದು ಕಾರಣಸಹಿತವಾಗಿತ್ತು, ವ್ಯಾಕರಣಬದ್ಧವಾಗಿತ್ತು, ಮೇಲಿನವರೂ ಒಪ್ಪಿದರು. ಜ್ಯೂರಿಯವನ ಒಲವು ಬರಿಮೈಯಲ್ಲಿ ಬಂದು ನಿಲ್ಲುತ್ತದೆ, ಎಲ್ಲರೂ ಬೊಟ್ಟು ಮಾಡುತ್ತಾರೆ. ವಿದ್ವಾಂಸನ ಒಲವು ಗೌನು ತೊಟ್ಟು ಬರುತ್ತದೆ, ಅದನ್ನು ನಾವ್ಯಾರೂ ಒಲವೆಂದು ಗುರುತಿಸುವುದಿಲ್ಲ. ಹಾಗೆ ಗುರುತಿಸಲು ಬರೆದ ಕಾರಣಗಳೇ ಮತ್ತೆ ನಮಗಿರುವ ಸಾಧನ. ಸ್ಟ್ರೇಚಿಯನ್ನು ನಾವಿಂದು ಹಿಡಿದು ಕೇಳಬಲ್ಲೆವು. ಅವರ ಮುಂದೆ ಕೂತಿದ್ದ ಆರು ಮಂದಿಯನ್ನು ಕೇಳಲಾರೆವು.

ಜ್ಯೂರಿ ಪೂರ್ತಿ ಹೋಯಿತೆನ್ನುವುದೂ ಸಲ್ಲ. ಅದೇ ಹೈಕೋರ್ಟಿನಲ್ಲಿ ಪಾರ್ಸಿಗಳ ವಿವಾಹ ವ್ಯಾಜ್ಯಗಳಿಗೆ 1936ರ ಕಾಯ್ದೆಯ ಪ್ರಕಾರ ಪಾರ್ಸಿ ಪ್ರತಿನಿಧಿಗಳು ನ್ಯಾಯಾಧೀಶರ ಜೊತೆ ಕೂತು ಸಂಗತಿಗಳ ಮೇಲೆ ಬಹುಮತದಿಂದ ತೀರ್ಮಾನಿಸುವ ಪದ್ಧತಿ ಇನ್ನೂ ಉಳಿದಿದೆ. ಮೊದಲು ಏಳು ಮಂದಿ, 1988ರ ತಿದ್ದುಪಡಿಯ ನಂತರ ಐದು. ಮನೆಯೊಳಗಿನ ಮುರುಕನ್ನು ತಮ್ಮವರೇ ಬಲ್ಲರು ಎಂಬ ವಿಶ್ವಾಸ ಒಂದು ಕಡೆ, ತಮ್ಮವರ ಮುಂದೆಯೇ ಮನೆಯ ಗುಟ್ಟು ಬಿಚ್ಚಬೇಕಾದ ಸಂಕೋಚ ಇನ್ನೊಂದು ಕಡೆ. ಗಂಡ ಹೆಂಡಿರ ನಡುವಿನ ಸಂಗತಿಯ ಮೇಲೆ ನಾನಾವತಿಯ ನಗರದಲ್ಲಿ ಇಂದಿಗೂ ಒಂದು ಬಗೆಯ ಜ್ಯೂರಿ ಕೂರುತ್ತಿದೆ ಎಂಬುದು ಸಣ್ಣ ವಿಚಿತ್ರವೇನಲ್ಲ.

ಕೊನೆಗೆ ಉಳಿಯುವುದು ಆ ಒಂಬತ್ತನೆಯ ವ್ಯಕ್ತಿ. ಎಂಟು ಜನ ಒಂದು ಕಡೆ ಹೋದಾಗ ಬೇರೆ ನಿಂತವರು. ಅವರ ಎಣಿಕೆಯೇ ಸರಿಯೆಂದು ಹೈಕೋರ್ಟು ಹೇಳಿತು, ಸುಪ್ರೀಂ ಕೋರ್ಟೂ ಹೇಳಿತು. ಅವರನ್ನು, ಲುಮೆಟ್‌ನ ಸಿನೆಮಾದಲ್ಲಿ ಆ ಒಬ್ಬನ ಪಾತ್ರ ಮಾಡಿದ ನಟನ ಹೆಸರಿನಿಂದ, ನಮ್ಮ ಊರಿನ ಹೆನ್ರಿ ಫೋಂಡಾ ಎಂದು ಕರೆಯುವ ಆಸೆ ಯಾರಿಗಾದರೂ ಆಗುತ್ತದೆ. ಆದರೆ ಅವರು ಟವೆಲಿನ ಬಗ್ಗೆ ಯೋಚಿಸಿ ಹಾಗೆಂದರೋ, ಆ ಮೂರು ಗಂಟೆಗಳನ್ನು ಎಣಿಸಿ ಹಾಗೆಂದರೋ, ಅಥವಾ ಸಮವಸ್ತ್ರದವರನ್ನು, ಪಾರ್ಸಿಗಳನ್ನು, ಬ್ಲಿಟ್ಜ್ ಪತ್ರಿಕೆಯನ್ನು ಕಂಡರಾಗದೆ ಹಾಗೆಂದರೋ? ಅವರನ್ನು ಯಾರೂ ಕಾರಣ ಕೇಳಲಿಲ್ಲ, ಅವರು ಹೇಳಬೇಕಾಗಿಯೂ ಇರಲಿಲ್ಲ.